ಜಾಯ್ಸ್ ಬೇಡಿದ ಗುರುತು

ಹಾಸ್ಟೆಲಿನ ತಾರಸಿಯಲ್ಲಿ ಒಣಗಿದ ಬಟ್ಟೆ ತೆಗೆಯುತ್ತಿದ್ದ ಜಾಯ್ಸ್‌ಗೆ ಮೊದಲು ಕೇಳಿಸಿದ್ದು ಏಟಿನ ಸದ್ದಲ್ಲ, ನಗು. ಯಾರೋ ಕ್ರಿಕೆಟ್ ಆಡುತ್ತಿದ್ದಾರೆ ಅಂದುಕೊಂಡು ಕೆಳಗೆ ಬಗ್ಗಿ ನೋಡಿದಳು.

ಅವಳ ನರ್ಸಿಂಗ್ ಕಾಲೇಜು ಪಾಲಾರಿವಟ್ಟಂನಿಂದ ಕಾಕ್ಕನಾಡಿಗೆ ಹೋಗುವ ದಾರಿಯಲ್ಲಿ, ಒಂದು ದೊಡ್ಡ ಆಸ್ಪತ್ರೆಯ ಬೆನ್ನಿಗೆ ಅಂಟಿಕೊಂಡಂತಿತ್ತು. ಹುಡುಗಿಯರ ಹಾಸ್ಟೆಲಿನ ತಾರಸಿಯಿಂದ ಆಸ್ಪತ್ರೆಯ ಹಳೆಯ ಸಾಮಾನಿನ ಶೆಡ್ಡು ಕಾಣುತ್ತಿತ್ತು. ತುಕ್ಕು ಹಿಡಿದ ಮಂಚಗಳು, ಚಕ್ರ ಕಿತ್ತುಹೋದ ಸ್ಟ್ರೆಚರುಗಳು, ಡ್ರಿಪ್ ಬಾಟಲಿ ನೇತುಹಾಕುವ ಕಬ್ಬಿಣದ ಕೋಲುಗಳು. ಆ ಮಂಚಗಳ ನಡುವೆ ಒಬ್ಬ ಹುಡುಗ ಮೊಣಕಾಲೂರಿ ಕೂತಿದ್ದ. ಸುತ್ತ ನಾಲ್ಕು ಜನ.

ಕೂತವನು ಮೊದಲ ವರ್ಷದ ಕಾರ್ತಿಕೇಯ, ಕಾಸರಗೋಡಿನ ಕನ್ನಡದ ಹುಡುಗ. ಅವನ ತಪ್ಪು ಏನೆಂದು ಇಡೀ ಕಾಲೇಜಿಗೆ ಗೊತ್ತಿತ್ತು. ಕೊನೆಯ ವರ್ಷದವರು ರೋಗಿಗಳ ಬಗ್ಗೆ ಬರೆಯಬೇಕಾದ ರೆಕಾರ್ಡುಗಳನ್ನು ಮೊದಲ ವರ್ಷದವರ ಕೈಯಲ್ಲಿ ಬರೆಸುವುದು ಅಲ್ಲಿಯ ಹಳೆಯ ರೂಢಿ. ಕಾರ್ತಿಕೇಯನೂ ಬರೆದುಕೊಟ್ಟಿದ್ದ. ಟೀಚರ್ ಅವನ ಕ್ಲಾಸಿನಲ್ಲಿ ಒಂದು ರೆಕಾರ್ಡನ್ನು ಎತ್ತಿ ಹಿಡಿದು, ಇದು ಯಾರ ಅಕ್ಷರ ಎಂದು ಕೇಳಿದಾಗ ಎದ್ದು ನಿಂತು "ನನ್ನದು" ಎಂದುಬಿಟ್ಟಿದ್ದ. ರೆಕಾರ್ಡು ಕೊನೆಯ ವರ್ಷದ ಆಶಿಶನದು.

ಈಗ ಕಬ್ಬಿಣದ ಕೋಲು ಹಿಡಿದು ನಿಂತವನೂ ಆಶಿಶನೇ.

"ಯಾರ ಅಕ್ಷರ ಅಂತ ಕೇಳಿದ್ರೆ ಏನು ಹೇಳ್ಬೇಕು, ಎಡಾ?"

"ಗೊತ್ತಿಲ್ಲ ಅಂತ ಹೇಳ್ಬೇಕು."

"ಕೇಳಿಸ್ಲಿಲ್ಲ."

ಆಶಿಶ್ ಸಿಟ್ಟಿನಲ್ಲಿ ಇರಲಿಲ್ಲ. ಇಂಜೆಕ್ಷನ್ ಚುಚ್ಚಲು ಸರಿಯಾದ ಜಾಗ ಹುಡುಕುವವನ ಹಾಗೆ ಒಂದು ಕ್ಷಣ ನೋಡಿ, ಆಮೇಲೆ ಕೋಲು ಬೀಸುತ್ತಿದ್ದ. ತೊಡೆಯ ಹಿಂಭಾಗಕ್ಕೆ, ಮತ್ತೆ ಅಲ್ಲಿಗೇ, ಮತ್ತೆ ಅಲ್ಲಿಗೇ. ಒಂದು ಏಟು ತಪ್ಪಿ ಸೊಂಟದ ಮೇಲೆ, ಮೂತ್ರಪಿಂಡ ಇರುವ ಕಡೆ ಬಿತ್ತು. ಕಾರ್ತಿಕೇಯ ಮುಂದಕ್ಕೆ ಬಗ್ಗಿ ವಾಂತಿ ಮಾಡಿದ. ಇನ್ನೊಬ್ಬ ಅವನ ಕೂದಲು ಹಿಡಿದು ಮುಖವನ್ನು ಆ ವಾಂತಿಯಲ್ಲೇ ಒತ್ತಿದ. ಕೂದಲು ಬಿಟ್ಟಾಗ ಹುಡುಗ ಉಸಿರಿಗಾಗಿ ತಲೆ ಎತ್ತಿದ, ಕಣ್ಣು ನೇರ ತಾರಸಿಗೆ ಬಂತು.

ಜಾಯ್ಸ್ ನೀರಿನ ಟ್ಯಾಂಕಿನ ಹಿಂದೆ ಕುಸಿದು ಕೂತಳು. ಬಿಳಿ ಯೂನಿಫಾರ್ಮುಗಳ ರಾಶಿಯನ್ನು ಬಾಯಿಗೆ ಒತ್ತಿಕೊಂಡಳು. ಒಂದು ಸಾರಿ ಕೂಗಿದ್ದರೆ ಸಾಕಿತ್ತು, ಎದುರಿನ ಕ್ಯಾಂಟೀನಿನಲ್ಲಿ ಜನ ಇದ್ದರು. ಅವಳು ಕೂಗಲಿಲ್ಲ. ಆ ದಿನ ಸೋಮವಾರ.

ಆಶಿಶ್ ಅವಳಿಗೆ ಪರಕೀಯನಾಗಿದ್ದರೆ ಬೇರೆ ಮಾತು. ಜಾಯ್ಸ್ ಬೆಳೆದದ್ದು ತಿರುವನಂತಪುರದಲ್ಲಿ. ಉಡುಪಿ ಕಡೆಯವನಾದ ಅಪ್ಪ ವಸಂತ ಅಲ್ಲಿ ಬಾಹ್ಯಾಕಾಶ ಸಂಸ್ಥೆಯೊಂದರಲ್ಲಿ ಟೆಕ್ನಿಷಿಯನ್. ಭಾನುವಾರ ಚರ್ಚಿನಲ್ಲಿ ಮಲಯಾಳಂ, ರಾತ್ರಿ ಊಟಕ್ಕೆ ಮುಂಚೆ ಮನೆಯ ಪ್ರಾರ್ಥನೆ ಕನ್ನಡದಲ್ಲಿ. ಕೊಚ್ಚಿಗೆ ಓದಲು ಬಂದ ಮೊದಲ ತಿಂಗಳು ಅವಳು ದಿನವೂ ಬಾತ್‌ರೂಮಿನಲ್ಲಿ ನೀರು ಬಿಟ್ಟುಕೊಂಡು ಅಳುತ್ತಿದ್ದಳು. ಆಗ ಕೈಹಿಡಿದದ್ದು ಕಾಲೇಜಿನ ಪ್ರಾರ್ಥನಾ ಕೂಟ. ಅದನ್ನು ನಡೆಸುತ್ತಿದ್ದವನು ಆಶಿಶ್. ಗಿಟಾರು ಬಾರಿಸುತ್ತಿದ್ದ, ಎಲ್ಲ ಹುಡುಗಿಯರನ್ನೂ "ಮೋಳೇ" ಎಂದು ತಂಗಿಯ ಹಾಗೆ ಕರೆಯುತ್ತಿದ್ದ. ಅಮ್ಮ ಮೋಹಿನಿಗೆ ಆಪರೇಷನ್ ಆದ ದಿನ ಇಪ್ಪತ್ತು ಜನ ಮಧ್ಯಾಹ್ನದ ಊಟ ಬಿಟ್ಟು ಪ್ರಾರ್ಥನೆ ಮಾಡಿದ್ದರು. ಅದು ನಾಟಕವಾಗಿರಲಿಲ್ಲ. ಆಶಿಶನ ಕಣ್ಣಲ್ಲಿ ಅವತ್ತು ನಿಜವಾದ ನೀರಿತ್ತು.

ಆ ಕೂಟದವರಿಗೆ ಒಂದು ಅಭ್ಯಾಸವಿತ್ತು. ಯಾವುದನ್ನೂ ಅವರು ತಾವಾಗಿ ನಿರ್ಧರಿಸುತ್ತಿರಲಿಲ್ಲ, ದೇವರ ಮುಂದೆ ಒಂದು ಗುರುತು ಇಡುತ್ತಿದ್ದರು. ಇಂಥ ಗಂಟೆಯೊಳಗೆ ಇಂಥದ್ದು ನಡೆದರೆ ಹೌದು, ನಡೆಯದಿದ್ದರೆ ಇಲ್ಲ. ಜರ್ಮನಿಯ ಕೆಲಸಕ್ಕಾಗಿ ಜರ್ಮನ್ ಕಲಿಯಬೇಕೋ ಬೇಡವೋ, ಮದುವೆಯ ಸಂಬಂಧ ಒಪ್ಪಬೇಕೋ ಬೇಡವೋ, ಎಲ್ಲಕ್ಕೂ ಗುರುತು.

"ನಿಮ್ಮ ದೇವರಿಗೆ ಬೇರೆ ಕೆಲ್ಸ ಇಲ್ವೇನೇ?" ಎಂದು ರೂಮಿನಲ್ಲಿ ಜೊತೆಗಿದ್ದ ಮೈಸೂರಿನ ಐಶ್ವರ್ಯ ಕಿಚಾಯಿಸುತ್ತಿದ್ದಳು. "ಪೊರೋಟ ತಿನ್ನೋದಾ, ಪುಟ್ಟು ತಿನ್ನೋದಾ ಅಂತಾನೂ ಕೇಳ್ಬಿಡಿ ಒಂದ್ಸಲ."

ಬುಧವಾರ ಮಧ್ಯಾಹ್ನ ವಾರ್ಡಿನ ಕಾರಿಡಾರಿನಲ್ಲಿ ಕಾರ್ತಿಕೇಯ ಸಿಕ್ಕಿದ. ಬಿ.ಪಿ. ನೋಡುವ ಯಂತ್ರವನ್ನು ತಳ್ಳಿಕೊಂಡು, ಅದಕ್ಕೇ ಆತುಕೊಂಡು ಬರುತ್ತಿದ್ದ. ಸುತ್ತ ಯಾರೂ ಇಲ್ಲವೆಂದು ನೋಡಿ ಕನ್ನಡದಲ್ಲಿ ಕೇಳಿದ.

"ಅಕ್ಕ, ಸೋಮವಾರ ನೀವು ಮೇಲೆ ಇದ್ರಿ ಅಲ್ವಾ?"

ಜಾಯ್ಸ್ ಕೈಯಲ್ಲಿದ್ದ ಚಾರ್ಟಿನ ಹಾಳೆ ತಿರುವಿದಳು.

"ನಾನು ರ‍್ಯಾಗಿಂಗ್ ಕಮಿಟಿಯ ಮಹತಿ ಮಿಸ್ ಹತ್ರ ಕಂಪ್ಲೇಂಟ್ ಕೊಟ್ಟೆ. ನೋಡಿದವರು ಯಾರಾದ್ರೂ ಉಂಟಾ ಕೇಳಿದ್ರು. ನಾನು ನಿಮ್ಮ ಹೆಸರು ಹೇಳ್ಲಿಲ್ಲ. ನಿಮ್ಮ ಹತ್ರ ಕೇಳದೆ ಹೇಗೆ ಹೇಳುದು?"

"ಡಾಕ್ಟರಿಗೆ ತೋರಿಸಿದ್ಯಾ?"

"ಬಿದ್ದೆ ಅಂತ ಹೇಳಿ ತೋರಿಸಿದೆ. ಮೂತ್ರದಲ್ಲಿ ರಕ್ತ ಹೋಗ್ತಾ ಉಂಟು." ಅವನು ಗೋಡೆಗೆ ಒರಗಿದ. "ಶನಿವಾರದ ಒಳಗೆ ಕಂಪ್ಲೇಂಟ್ ವಾಪಸ್ ತೆಗೀಬೇಕಂತೆ. ಇಲ್ಲದಿದ್ರೆ ಬರೆಯುವ ಕೈ ಇರುದಿಲ್ಲ ಹೇಳಿದ್ದಾರೆ. ನೋಡಿದ್ದೇನೆ ಅಂತ ಒಬ್ರು ಹೇಳಿದ್ರೆ ಆ ನಾಲ್ಕು ಜನರನ್ನು ಅವತ್ತೇ ಹಾಸ್ಟೆಲಿಂದ ಹೊರಗೆ ಹಾಕ್ತಾರೆ ಅಕ್ಕ. ನೀವು ಹೇಳ್ತೀರಾ?"

"ನಾನು... ಪ್ರಾರ್ಥನೆ ಮಾಡ್ತೇನೆ ಕಾರ್ತಿಕೇಯ. ದೇವರು ಯಾವ ದಾರಿ ತೋರಿಸ್ತಾರೋ ನೋಡುವ."

ಅವನು ಅವಳ ಮುಖವನ್ನೇ ನೋಡಿದ. "ಸ್ವಲ್ಪ ಬೇಗ ಕೇಳಿ ಅಕ್ಕ," ಎಂದು ಯಂತ್ರ ತಳ್ಳಿಕೊಂಡು ಹೋದ.

ಅವತ್ತು ಸಂಜೆಯ ಕೂಟದಲ್ಲಿ ಆಶಿಶ್ ಕಣ್ಣುಮುಚ್ಚಿ, ನೋವಿನಲ್ಲಿರುವ ವಿದ್ಯಾರ್ಥಿಗಳನ್ನು ಮುಟ್ಟು ಕರ್ತನೇ ಎಂದು ಬೇಡಿದ. ಕೋಲು ತಿಕ್ಕಿ ಅಂಗೈಯಲ್ಲಿ ಎದ್ದ ಬೊಕ್ಕೆಗೆ ಬ್ಯಾಂಡೇಜು ಸುತ್ತಿದ್ದ. ಜಾಯ್ಸ್ ಅದನ್ನು ನೋಡುತ್ತಲೇ ತನ್ನ ಗುರುತು ಇಟ್ಟಳು. ಶುಕ್ರವಾರ ನಾಲ್ಕು ಗಂಟೆಯೊಳಗೆ ಮಹತಿ ಮಿಸ್ ತಾವಾಗಿ ನನ್ನನ್ನು ಸೋಮವಾರದ ಬಗ್ಗೆ ಕೇಳಿದರೆ ಎಲ್ಲವನ್ನೂ ಹೇಳುತ್ತೇನೆ. ಕೇಳದಿದ್ದರೆ ಈ ಕೆಲಸ ನನ್ನದಲ್ಲ ಎಂದು ತಿಳಿಯುತ್ತೇನೆ.

ಗುರುವಾರ ಇಡೀ ದಿನ ಅವಳು ಉಪವಾಸವಿದ್ದಳು. ಶುಕ್ರವಾರ ಮೂರೂ ಮುಕ್ಕಾಲಿಗೆ ಮಹತಿ ಮಿಸ್ ಕ್ಲಾಸಿಗೆ ಬಂದರು. ಸಾಲುಸಾಲಾಗಿ ನೋಡುತ್ತ ಬಂದು ಜಾಯ್ಸ್ ಕೂತ ಬೆಂಚಿನ ಬಳಿ ನಿಂತರು. ಜಾಯ್ಸ್ ಪೆನ್ನು ಕೆಳಗಿಟ್ಟಳು.

"ಜಾಯ್ಸ್."

"ಮಿಸ್."

"ಶೂ ಪಾಲಿಶ್ ಮಾಡಿ ಎಷ್ಟು ದಿನ ಆಯ್ತು? ನರ್ಸಾ ನೀನು, ಮೀನು ಮಾರುವವಳಾ?"

ಕ್ಲಾಸು ನಕ್ಕಿತು. ಮಿಸ್ ಮುಂದಕ್ಕೆ ಹೋದರು. ನಾಲ್ಕರ ಬೆಲ್ಲು ಹೊಡೆಯಿತು. ಜಾಯ್ಸ್ ದೇವರಿಗೆ ಸ್ತೋತ್ರ ಹೇಳಿದಳು, ಕ್ಯಾಂಟೀನಿಗೆ ಹೋಗಿ ಎರಡು ಪಳಂಪೊರಿ ತಿಂದಳು. ಬಾಳೆಹಣ್ಣಿನ ಆ ಬೋಂಡ ಅಷ್ಟು ರುಚಿಯೆಂದು ಅವಳಿಗೆ ಹಿಂದೆಂದೂ ಅನ್ನಿಸಿರಲಿಲ್ಲ.

ಶನಿವಾರ ಮಧ್ಯಾಹ್ನ ಅವಳಿಗೆ ಕ್ಯಾಶುವಾಲ್ಟಿಯಲ್ಲಿ ಡ್ಯೂಟಿ. ಎರಡು ಗಂಟೆಗೆ ಬಾಗಿಲು ತಳ್ಳಿಕೊಂಡು ಒಂದು ಸ್ಟ್ರೆಚರ್ ಬಂತು. ತಳ್ಳುತ್ತಿದ್ದವನು ಆಶಿಶ್. ಮೇಲೆ ಮಲಗಿದ್ದವನನ್ನು ಜಾಯ್ಸ್ ಮುಖದಿಂದ ಗುರುತಿಸಲಿಲ್ಲ, ಗುರುತಿಸಲು ಮುಖ ಉಳಿದಿರಲಿಲ್ಲ. ಕಾಲಿಗಿದ್ದ ನೀಲಿ ಪಟ್ಟಿಯ ಕಾಲುಚೀಲ ನೋಡಿ ಗೊತ್ತಾಯಿತು.

"ಮೆಟ್ಟಿಲಿಂದ ಬಿದ್ದ ಡಾಕ್ಟರ್," ಎಂದ ಆಶಿಶ್.

"ಎಷ್ಟು ಮೆಟ್ಟಿಲು? ಇಡೀ ಆಸ್ಪತ್ರೆಯದ್ದಾ?" ಎಂದು ಡ್ಯೂಟಿ ಡಾಕ್ಟರು ಗ್ಲೌಸ್ ಎಳೆದುಕೊಂಡರು. "ಏ ಹುಡುಗಿ, ಏನು ನೋಡ್ತೀಯ? ಅಂಗಿ ಕತ್ತರಿಸು."

ಜಾಯ್ಸ್ ಕತ್ತರಿಸಿದಳು. ಎದೆಯ ಬಲಭಾಗ ಉಸಿರಿಗೆ ಏಳುತ್ತಿತ್ತು, ಎಡಭಾಗ ಒಳಗೆ ಕುಸಿಯುತ್ತಿತ್ತು. ಬಲಗೈಯ ನಾಲ್ಕು ಬೆರಳುಗಳು ಮಂಚದ ಕಾಲಿನ ಕೆಳಗೆ ಸಿಕ್ಕಿದ ಹಾಗೆ ಚಪ್ಪಟೆಯಾಗಿದ್ದವು. ಸಿಕ್ಕಿದ್ದಲ್ಲ, ಮಂಚದ ಕಾಲನ್ನು ಅವುಗಳ ಮೇಲಿಟ್ಟು ಇಬ್ಬರು ಮಂಚದ ಮೇಲೆ ಕುಣಿದಿದ್ದರು. ಅದು ಆಮೇಲೆ ಗೊತ್ತಾದದ್ದು. ಎಡಗಣ್ಣಿಗೆ ಕಬ್ಬಿಣದ ಕೋಲಿನ ತುದಿ ಹೊಕ್ಕಿತ್ತು. ಡಾಕ್ಟರು ರೆಪ್ಪೆ ಬಿಡಿಸಿದಾಗ ರಕ್ತದ ಜೊತೆಗೆ ಮೊಟ್ಟೆಯ ಲೋಳೆಯಂಥದ್ದು ಕೆನ್ನೆಗೆ ಇಳಿಯಿತು. ಕಾರ್ತಿಕೇಯ ಕೂಗಲು ಬಾಯಿ ತೆರೆದ. ಮುಂದಿನ ಹಲ್ಲುಗಳು ನಾಲಿಗೆಯ ಮೇಲೆ ಬಿದ್ದಿದ್ದವು. ಜಾಯ್ಸ್ ಟ್ರೇ ಹಿಡಿದಳು. ಹಲ್ಲುಗಳು ಅದರೊಳಗೆ ಟಣ್ ಎಂದು ಬಿದ್ದವು.

ಉಳಿದ ಒಂದು ಕಣ್ಣು ಅವಳನ್ನು ನೋಡಿತು. ಗುರುತು ಹಿಡಿಯಿತು. ಬೇರೆ ಕಡೆಗೆ ತಿರುಗಿತು.

ಆಪರೇಷನ್ ಥಿಯೇಟರಿಗೆ ಅವನನ್ನು ಒಯ್ದ ಮೇಲೆ ಕಾರಿಡಾರಿನಲ್ಲಿ ಆಶಿಶ್ ಅವಳ ಹತ್ತಿರ ಬಂದ. "ಮೋಳೇ, ಬಾ, ಅವನಿಗೋಸ್ಕರ ಪ್ರಾರ್ಥನೆ ಮಾಡೋಣ," ಎಂದು ಅವಳ ತಲೆಯ ಮೇಲೆ ಕೈ ಇಟ್ಟ. ಆ ಕೈಗೆ ಡೆಟ್ಟಾಲಿನ ವಾಸನೆ ಇತ್ತು. ಜಾಯ್ಸ್ ತಲೆ ಬಗ್ಗಿಸಿದಳು. ಅವನು ಮುಗಿಸಿದಾಗ "ಆಮೆನ್" ಎಂದಳು.

ತನ್ನ ಬದುಕಿನಲ್ಲಿ ಮರೆಯಲಾಗದ್ದು ಆ ಕಣ್ಣಲ್ಲ, ಹಲ್ಲುಗಳ ಸದ್ದೂ ಅಲ್ಲ, ಆ ಆಮೆನ್ ಎಂದು ಜಾಯ್ಸ್ ಈಗಲೂ ಹೇಳುತ್ತಾಳೆ.

ಭಾನುವಾರ ಬೆಳಿಗ್ಗೆ ಯಾರಿಗೂ ಹೇಳದೆ ಎರ್ನಾಕುಳಂನಿಂದ ರೈಲು ಹತ್ತಿದಳು. ತಿರುವನಂತಪುರದ ಮನೆ ತಲುಪಿದಾಗ ಅಪ್ಪ ಅಮ್ಮ ಚರ್ಚಿನಿಂದ ಬಂದಿದ್ದರು. ಮೋಹಿನಿ ನೆಲದಲ್ಲಿ ಮೆಟ್ಟುಗತ್ತಿಯ ಮುಂದೆ ಕೂತು ಮೀನು ಶುಚಿ ಮಾಡುತ್ತಿದ್ದಳು. ಜಾಯ್ಸ್ ಅಲ್ಲೇ ಗೋಡೆಗೆ ಒರಗಿ ಕೂತು ಎಲ್ಲವನ್ನೂ ಹೇಳಿದಳು. ತಾರಸಿ, ಕಾರಿಡಾರು, ಗುರುತು, ಶೂ ಪಾಲಿಶು, ಕಣ್ಣು.

"ಯಾರೂ ಕೇಳ್ಲಿಲ್ಲವಾ ಹಾಗಾದ್ರೆ ನಿನ್ನ ಹತ್ರ?" ಎಂದಳು ಮೋಹಿನಿ.

"ಇಲ್ಲಮ್ಮ. ನಾಲ್ಕು ಗಂಟೆವರೆಗೆ ಕಾದೆ."

"ಆ ಹುಡುಗ ಕೇಳಿದ ಅಂತ ಈಗಷ್ಟೇ ಹೇಳಿದಿಯಲ್ಲ. ಹೇಳ್ತೀರಾ ಅಕ್ಕ ಅಂತ ಬಾಯಿ ಬಿಟ್ಟು ಕೇಳಿದ ಅಂತ."

ಬುಧವಾರ ಮಧ್ಯಾಹ್ನವೇ ಒಬ್ಬ ಕೇಳಿಯಾಗಿತ್ತು. ಅವನನ್ನು ಅವಳು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಕೇಳುವವರು ಕುರ್ಚಿಯಲ್ಲಿ ಕೂತವರೇ ಆಗಿರಬೇಕೆಂದು ದೇವರಿಗೆ ಷರತ್ತು ಹಾಕಿ ಬಂದಿದ್ದಳು.

ಮೋಹಿನಿ ಎದ್ದವಳೇ ಮೀನಿನ ಕೈಯಲ್ಲೇ ಮಗಳ ಕೆನ್ನೆಗೆ ಬಾರಿಸಿದಳು. ಇಪ್ಪತ್ತು ವರ್ಷದಲ್ಲಿ ಅದು ಮೊದಲ ಏಟು. ಜಾಯ್ಸ್‌ಳ ತಲೆ ಗೋಡೆಗೆ ಹೊಡೆಯಿತು, ಕೆನ್ನೆಗೆ ಮೀನಿನ ಪೊರೆ ಅಂಟಿತು. "ಹೆದರಿಕೆ ಆಯ್ತು ಅಂತ ಹೇಳು! ಹೆದರುದು ತಪ್ಪಲ್ಲ. ದೇವರ ಹಿಂದೆ ಹೋಗಿ ಅಡಗುದಾ?" ಎಂದು ಇನ್ನೊಮ್ಮೆ ಕೈ ಎತ್ತಿದಳು. ವಸಂತ ನಡುವೆ ಬಂದು ಹಿಡಿದ. ಮೋಹಿನಿ ಕುಸಿದು ಕೂತು ಮಗಳನ್ನು ಎಳೆದು ಅಪ್ಪಿಕೊಂಡು ಅತ್ತಳು. ಸೀರೆಯ ಸೆರಗು ಒದ್ದೆ ಮಾಡಿ ಕೆನ್ನೆ ಒರಸಿದಳು.

ವಸಂತ ಜಗಳಕ್ಕೆ ಹೋಗುವ ಜಾತಿಯವನಲ್ಲ. ಆಫೀಸಿನಲ್ಲಿ ಯಾರಾದರೂ ದನಿ ಏರಿಸಿದರೆ ಫೈಲಿನೊಳಗೆ ಮುಖ ಹಾಕುವವನು. ಅವನು ಒಲೆ ಆರಿಸಿ, ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ತುಂಬ ಹೊತ್ತು ಉಜ್ಜಿದ.

"ನಾಳೆ ಬೆಳಿಗ್ಗಿನ ಟ್ರೈನಿಗೆ ಹೋಗುವ, ಮಗಾ. ಪೊಲೀಸ್ ಸ್ಟೇಷನ್ನಿಗೇ ಹೋಗುವ. ನನಗೂ ಹೆದರಿಕೆ ಉಂಟು. ಆದ್ರೂ ಹೋಗುವ."

ಸೋಮವಾರ ಹನ್ನೊಂದಕ್ಕೆ ಕೊಚ್ಚಿಯ ಸ್ಟೇಷನ್ನಿನಲ್ಲಿ ಸಬ್ ಇನ್‌ಸ್ಪೆಕ್ಟರ್ ಇಬ್ರಾಹಿಂ ಅವಳ ಹೇಳಿಕೆ ಬರೆದುಕೊಂಡರು. ನಾಲ್ಕು ಹೆಸರು ಹೇಳಿದಳು, ಆಶಿಶನದು ಮೊದಲು. ಓದಿ ಸಹಿ ಹಾಕಿದಳು. "ಕಾಲೇಜಿನ ಕಡೆ ಹೋಗ್ಬೇಡಿ ಇವತ್ತು," ಎಂದರು ಇಬ್ರಾಹಿಂ. ಆದರೆ ಹಾಲ್‌ಟಿಕೆಟ್ಟು, ಪುಸ್ತಕ, ಬಟ್ಟೆ ಎಲ್ಲವೂ ಹಾಸ್ಟೆಲಿನಲ್ಲಿದ್ದವು. ಹತ್ತು ನಿಮಿಷದ ಕೆಲಸ ಎಂದು ಅಪ್ಪ ಮಗಳು ಆಟೋ ಹಿಡಿದರು.

ಗೇಟಿನ ಬಳಿ ಆಶಿಶನ ಜೊತೆಯ ಮೂವರು ಕಾಯುತ್ತಿದ್ದರು. ಸುದ್ದಿ ಅವರಿಗಿಂತ ಮುಂಚೆ ತಲುಪಿತ್ತು. ಒಬ್ಬ ಹೆಲ್ಮೆಟನ್ನು ಪಟ್ಟಿಯಿಂದ ಹಿಡಿದು ಬೀಸಿ ವಸಂತನ ಮುಖಕ್ಕೆ ಹೊಡೆದ. ಕನ್ನಡಕದ ಗಾಜು ಹುಬ್ಬಿನೊಳಗೆ ಹೊಕ್ಕಿತು. "ಮಗಳನ್ನು ಒತ್ತು ಕೊಡೋದಕ್ಕೆ ಕಳಿಸಿದ್ದೀಯಾ, ಓದೋದಕ್ಕಾ?" ಎಂದು ಬಿದ್ದವನ ಹೊಟ್ಟೆಗೆ ಒದ್ದ. ಒತ್ತು ಎಂದರೆ ಅಲ್ಲಿಯ ಮಾತಿನಲ್ಲಿ ಚಾಡಿ. ಅಡ್ಡ ಬಿದ್ದ ಜಾಯ್ಸ್‌ಗೂ ಒದೆ ಬಿತ್ತು, ಪಕ್ಕೆಗೆ, ಆಮೇಲೆ ಕುತ್ತಿಗೆಗೆ. ಅವಳ ಕೂದಲು ಹಿಡಿದು ಎಳೆದವನ ಕೈ ಬಾಯಿಯ ಹತ್ತಿರ ಬಂದಾಗ ಅವಳು ಕಚ್ಚಿದಳು. ಇರುವೆಯನ್ನೂ ತುಳಿಯದ ಹುಡುಗಿ. ರಕ್ತದ ರುಚಿ ಬಂದರೂ ಬಿಡಲಿಲ್ಲ, ಅವನು ಕಿರುಚಿದರೂ ಬಿಡಲಿಲ್ಲ, ಇನ್ನೊಬ್ಬ ಬೆನ್ನಿಗೆ ಗುದ್ದಿದರೂ ಬಿಡಲಿಲ್ಲ.

"ಬಿಡ್ರೋ ಬೇವರ್ಸಿಗಳಾ!" ಎಂದು ಒಳಗಿಂದ ಓಡಿಬಂದವಳು ಐಶ್ವರ್ಯ. ನೆಲ ಒರಸುವ ಕೋಲು ಅವಳ ಕೈಯಲ್ಲಿತ್ತು. ಮಲಯಾಳಂ ಮರೆತು ಶುದ್ಧ ಮೈಸೂರಿನ ಬೈಗುಳದಲ್ಲಿ ಒಬ್ಬನ ಮೊಣಕಾಲಿಗೆ ಬೀಸಿದಳು. ಹಿಂದೆ ವಾಚ್‌ಮನ್, ಹಿಂದೆ ಅಡುಗೆಮನೆಯ ಹೆಂಗಸರು. ಮೂವರೂ ಬೈಕು ಹತ್ತಿ ಹೋದರು. ಐಶ್ವರ್ಯ ಜಾಯ್ಸ್‌ಳನ್ನು ಎಬ್ಬಿಸುತ್ತ ಏದುಸಿರು ಬಿಟ್ಟಳು. "ಅವನ ರಕ್ತ ಉಗೀ ಕಣೇ ಮೊದ್ಲು. ಸೋಂಕು ಗೀಂಕು ಆದೀತು."

ಅವತ್ತೇ ಸಂಜೆ ಆಶಿಶ್ ಮತ್ತು ಉಳಿದ ಮೂವರ ಬಂಧನವಾಯಿತು. ಪ್ರಾರ್ಥನಾ ಕೂಟದ ವಾಟ್ಸಾಪಿನಲ್ಲಿ, ಸುಳ್ಳು ಆರೋಪಕ್ಕೆ ಸಿಕ್ಕಿದ ಸಹೋದರನಿಗಾಗಿ ಮೂರು ದಿನ ಉಪವಾಸ ಎಂದು ಬಂತು. ಅದರ ಕೆಳಗೆ ಇಪ್ಪತ್ತು ಜನ ಕೈಮುಗಿದ ಚಿತ್ರ ಹಾಕಿದರು. ಆಮೇಲೆ ಜಾಯ್ಸ್‌ಳನ್ನು ಗುಂಪಿನಿಂದ ತೆಗೆದರು. ಅವಳು ತಿರುವನಂತಪುರದ ಬೇರೊಂದು ಕಾಲೇಜಿಗೆ ಸೇರಿ, ಒಂದು ವರ್ಷ ಕಳೆದುಕೊಂಡು ಓದು ಮುಗಿಸಿದಳು. ಈಗ ಅಲ್ಲೇ ಒಂದು ಆಸ್ಪತ್ರೆಯಲ್ಲಿ ನರ್ಸು. ಬೆಳಿಗ್ಗೆ ಡ್ಯೂಟಿಗೆ ಮುಂಚೆ ಪ್ರಾರ್ಥನೆ ಮಾಡುತ್ತಾಳೆ. ಗುರುತು ಇಡುವುದಿಲ್ಲ. ಇವತ್ತು ನನ್ನನ್ನು ಯಾರು ಕೇಳುತ್ತಾರೋ ಅವರ ಮಾತು ನನ್ನ ಕಿವಿಗೆ ಬೀಳಲಿ ಎಂದಷ್ಟೇ ಬೇಡುತ್ತಾಳೆ.

ಕಾರ್ತಿಕೇಯನ ಎಡಗಣ್ಣು ಹೋಯಿತು. ಬಲಗೈಯ ಎರಡು ಬೆರಳು ಮಡಚುವುದಿಲ್ಲ. ನರ್ಸಿಂಗ್ ಬಿಟ್ಟು ಊರಿನಲ್ಲೇ ಪದವಿ ಓದುತ್ತಿದ್ದಾನೆ.

ಕೊಚ್ಚಿಯ ಕೋರ್ಟಿನಲ್ಲಿ ವಿಚಾರಣೆ ಶುರುವಾದದ್ದು ಕಳೆದ ವರ್ಷ. ಸೋಮವಾರದ ಹೊಡೆತವನ್ನು ಕಣ್ಣಾರೆ ಕಂಡ ಸಾಕ್ಷಿ ಜಾಯ್ಸ್ ಒಬ್ಬಳೇ. ಅವಳ ಮಾತು ಗಟ್ಟಿಯಾಗಿ ನಿಂತರೆ ಮಾತ್ರ ಕೇಸು ಉಳಿಯುತ್ತದೆ. ಅವಳ ಸರದಿ ಬರುವ ಮುಂಚೆ ಸರಕಾರಿ ವಕೀಲರು ಪಕ್ಕಕ್ಕೆ ಕರೆದು ಹೇಳಿದರು, "ಏಳು ದಿನ ಯಾಕೆ ಸುಮ್ಮನಿದ್ದೆ ಅಂತ ಕೇಳೇ ಕೇಳ್ತಾರೆ. ನನಗೂ ಬೆದರಿಕೆ ಇತ್ತು ಅಂತ ಹೇಳು. ಒಂದು ವಾಕ್ಯ, ಸಾಕು. ಇಲ್ಲದಿದ್ದರೆ ನಿನ್ನ ಮಾತು ಕಟ್ಟುಕತೆ ಅಂತ ಸಾಧಿಸಿಬಿಡ್ತಾರೆ."

ಬೆದರಿಕೆ ಇರಲಿಲ್ಲ. ಆ ಏಳು ದಿನದಲ್ಲಿ ಆಶಿಶನ ಕಡೆಯವರು ಯಾರೂ ಅವಳಿಗೆ ಒಂದು ಕೆಟ್ಟ ಮಾತನ್ನೂ ಆಡಿರಲಿಲ್ಲ. ಬೆಂಚಿನ ಕೊನೆಯಲ್ಲಿ ಕಪ್ಪು ಕನ್ನಡಕ ಹಾಕಿದ ಕಾರ್ತಿಕೇಯ ಕೂತಿದ್ದ. ಈ ಸುಳ್ಳು ಹೇಳಿದರೆ ಅವನಿಗೇ ಒಳ್ಳೆಯದು.

ಆಶಿಶನ ವಕೀಲ ಮೆಲ್ಲನೆ ಎದ್ದ. "ನೀವು ದೈವಭಕ್ತೆ ಅಂತ ಕೇಳಿದ್ದೇನೆ. ಒಬ್ಬ ಹುಡುಗನನ್ನು ಕಬ್ಬಿಣದಲ್ಲಿ ಹೊಡೆಯುವುದನ್ನು ನೋಡಿ ದೈವಭಕ್ತೆ ಏಳು ದಿನ ಸುಮ್ಮನಿರುತ್ತಾಳಾ? ಅಥವಾ ನೀವು ಏನನ್ನೂ ನೋಡಲೇ ಇಲ್ಲವೋ?"

"ನೋಡಿದೆ," ಎಂದಳು ಜಾಯ್ಸ್. "ಟ್ಯಾಂಕಿನ ಹಿಂದೆ ಅಡಗಿ ಕೂತು ಕೇಳಿದೆ ಕೂಡ."

"ಯಾರಾದರೂ ಬೆದರಿಸಿದ್ದರಾ?"

ಸರಕಾರಿ ವಕೀಲರು ಪೆನ್ನು ನಿಲ್ಲಿಸಿದರು.

"ಇಲ್ಲ. ಯಾರೂ ಬೆದರಿಸಲಿಲ್ಲ. ನಾನೇ ಹೆದರಿದೆ. ಹೆದರಿದ್ದನ್ನು ದೇವರ ಚಿತ್ತ ಅಂತ ಹೇಳಿಕೊಂಡೆ. ಬುಧವಾರ ಕಾರ್ತಿಕೇಯ ನನ್ನ ಹತ್ತಿರ ಬಂದು, ಹೇಳ್ತೀರಾ ಅಂತ ಕೇಳಿದ. ಪ್ರಾರ್ಥನೆ ಮಾಡ್ತೇನೆ ಅಂದೆ. ಅವತ್ತೇ ಹೇಳಿದ್ದರೆ ಶನಿವಾರ ಅವನ ಕಣ್ಣು ಹೋಗುತ್ತಿರಲಿಲ್ಲ. ಕೋಲು ಹಿಡಿದವನು ಆಶಿಶ್. ಅದನ್ನೂ ನೋಡಿದೆ, ಇದನ್ನೂ ಹೇಳುತ್ತಿದ್ದೇನೆ."

ವಕೀಲ ಮುಂದಿನ ಪ್ರಶ್ನೆಗೆ ಕಾಗದ ತಿರುವಿದ.

ಹೊರಗೆ ಬಂದಾಗ ಕಾರ್ತಿಕೇಯ ಗೇಟಿನ ಬಳಿ ನಿಂತಿದ್ದ. ಬಿಸಿಲು ಜೋರಾಗಿತ್ತು.

"ಹೆದರಿದ್ದೆ ಅಂತ ನನ್ನ ಹತ್ರ ಮೊದಲೇ ಹೇಳ್ಬಹುದಿತ್ತು," ಎಂದ.

"ಹೌದು."

"ಕೋರ್ಟಲ್ಲಿ ಎಲ್ಲರ ಎದುರು ಗೊತ್ತಾಯ್ತು ನನಗೆ."

"ಹೌದು ಕಾರ್ತಿಕೇಯ. ತಪ್ಪಾಯ್ತು."

"ಪರವಾಗಿಲ್ಲ ಅಂತ ಹೇಳ್ಲಿಕ್ಕೆ ಆಗುದಿಲ್ಲ ಅಕ್ಕ ನನಗೆ. ಬಾಯಲ್ಲಿ ಬರುದಿಲ್ಲ."

"ಹೇಳ್ಬೇಡ."

ಅವನು ರಸ್ತೆ ನೋಡಿದ. ಬಸ್ಸುಗಳು ಒಂದರ ಹಿಂದೆ ಒಂದು ನುಗ್ಗುತ್ತಿದ್ದವು. ದಾಟಲು ಒಂದು ಹೆಜ್ಜೆ ಇಟ್ಟವನು, ಎಡದಿಂದ ಬಂದ ಆಟೋ ಕಾಣದೆ ಹಾರ್ನಿಗೆ ಬೆಚ್ಚಿ ಹಿಂದೆ ಬಂದ. ಜಾಯ್ಸ್ ಏನೂ ಹೇಳದೆ ಸುತ್ತಿ ಬಂದು ಅವನ ಎಡಗಡೆಗೆ ನಿಂತಳು. ಅವನು ಬೇಡ ಎನ್ನಲಿಲ್ಲ. ಇಬ್ಬರೂ ಒಟ್ಟಿಗೆ ರಸ್ತೆಗೆ ಇಳಿದರು.